ಇಲಿಗಳನ್ನು ಕರೆದ ನೀಲವ್ವ

ನೀಲಕ್ಕನಿಗೆ ಬರುವ ಜರ್ಮನ್ ಭಾಷೆ ಪ್ಯಾಂಟಿನ ಜರ್ಮನ್. ಉದ್ದ ಬಿಡಬೇಕೇ, ಗಿಡ್ಡ ಮಾಡಬೇಕೇ, ಜಿಪ್ಪು ಹೊಸದು ಹಾಕಲೇ, ಬುಧವಾರ ಬನ್ನಿ. ಜರ್ಮನಿಯ ಈ ಬೊಬ್ಲಿಂಗೆನ್ ಊರಿನ ಸ್ಟೇಷನ್ನಿನ ಹತ್ತಿರ ಬಟ್ಟೆ ಸರಿಪಡಿಸಿಕೊಡುವ ಒಂದು ಸಣ್ಣ ಅಂಗಡಿಯಲ್ಲಿ ಅವರಿಗೆ ಕೆಲಸ. ಅಷ್ಟೇ ಮಾತುಗಳನ್ನು ಇಟ್ಟುಕೊಂಡು ಅರ್ಧ ಊರಿನ ಪರಿಚಯ ಮಾಡಿಕೊಂಡಿದ್ದಾರೆ. ನಾನು ಜರ್ಮನ್ ಪರೀಕ್ಷೆ ಬರೆದು ಪಾಸಾದವಳು. ಆದರೂ ಬೇಕರಿಯಲ್ಲಿ ನನಗೆ ಬರೀ ಬ್ರೆಡ್ಡು ಸಿಗುತ್ತದೆ. ನೀಲಕ್ಕನಿಗೆ ಬ್ರೆಡ್ಡಿನ ಜೊತೆ ಬೇಕರಿಯವಳ ಸೊಸೆಯ ಸುದ್ದಿಯೂ ಸಿಗುತ್ತದೆ.

ಅವರ ಪೂರ್ತಿ ಹೆಸರು ನೀಲವ್ವ. ಬನಹಟ್ಟಿಯ ನೇಕಾರರ ಮನೆಯ ಮಗಳು. ಗಂಡ ಮಹೇಶಕುಮಾರ ಇಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಮಗಳು ಮೇಘಾ ಇಲ್ಲೇ ಹುಟ್ಟಿ ಬೆಳೆದವಳು, ಈಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಳೆ. ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಉತ್ತರ ಕೊಡುವ ವಯಸ್ಸು. ನಾನು ಲಾವಣ್ಯಾ, ಮೈಸೂರಿನವಳು; ನನ್ನ ಗಂಡ ದಿಲೀಪ್ ಬೆಂಗಳೂರಿನವನು, ಸಾಫ್ಟ್‌ವೇರಿನವನು. ಇವರು ಎರಡು ಬೀದಿ ಆಚೆ ಇದ್ದಾರೆ ಅನ್ನುವುದೊಂದು ಬಿಟ್ಟರೆ ನಮಗೂ ಇವರಿಗೂ ಸಂಬಂಧವಿರಲಿಲ್ಲ. ನೀಲಕ್ಕನ ಎದುರು ಅದು ಹೆಚ್ಚು ದಿನ ನಡೆಯಲಿಲ್ಲ. ಮೊದಲನೇ ಭೇಟಿಯಲ್ಲೇ ನನ್ನನ್ನು ತಂಗಿ ಮಾಡಿಕೊಂಡರು, ಎರಡನೇ ಭೇಟಿಯಲ್ಲಿ ನನ್ನ ಚಪಾತಿ ನೋಡಿ ನಕ್ಕರು.

ಇವರ ಇಲಿವಾರದ ಬಗ್ಗೆ ಹೇಳಬೇಕು. ಅವರ ಕಡೆ ಗಣಪತಿ ಹಬ್ಬದ ಮಾರನೇ ದಿನ ನೇಕಾರರು ಮಗ್ಗ ನಿಲ್ಲಿಸಿ ಇಲಿಗೆ ಎಡೆ ಇಡುತ್ತಾರೆ. ನೂಲು ಕಡಿಯುವುದು ಅದೇ ತಾನೇ. ವರ್ಷಕ್ಕೊಮ್ಮೆ ಹೊಟ್ಟೆ ತುಂಬ ಕಡುಬು ತಿನ್ನಪ್ಪಾ, ಉಳಿದ ದಿನ ಮಗ್ಗಕ್ಕೆ ಹೂಡಿದ ನಮ್ಮ ಹಾಸಿನ ನೂಲಿನ ತಂಟೆಗೆ ಬರಬೇಡ ಅಂತ ಕೇಳಿಕೊಳ್ಳುವ ಹಬ್ಬ. ನೀಲಕ್ಕನ ತವರಿನಲ್ಲಿ ಇನ್ನೂ ಒಂದು ಹೆಚ್ಚಿನ ಪದ್ಧತಿಯಿತ್ತು. ಇಲಿ ಅಂತ ಹೆಸರೆತ್ತುವಂತಿಲ್ಲ, ಸಣ್ಣಪ್ಪ ಅನ್ನಬೇಕು. ಹೆಸರು ಕೇಳಿದರೆ ಅದಕ್ಕೆ ಬೇಜಾರಾಗುತ್ತದಂತೆ.

“ನೀಲಕ್ಕ, ಇಲ್ಲಿ ಮಗ್ಗ ಇಲ್ಲ, ನೂಲಿಲ್ಲ. ನಿಮ್ಮ ಸಣ್ಣಪ್ಪ ಏನು ಕಡೀಬೇಕು, ವೈಫೈ ಕೇಬಲ್ಲಾ?” ಅಂತ ನಾನು ಕೇಳಿದ್ದೆ.

“ಅಂಗಡ್ಯಾಗ ಹೊಲಿಗಿ ಮಷಿನ್ ಐತಲ್ಲ ತಂಗಿ. ದಾರ ಅಂದ್ರೂ ನೂಲ ಅಲ್ಲೇನು?” ಅಂದರು.

ಕಷ್ಟ ಏನೆಂದರೆ ಇಲ್ಲಿಯ ಫ್ಲಾಟುಗಳಲ್ಲಿ ಇಲಿಗಳಿಲ್ಲ. ಆದರೆ ಊರ ಹೊರಗೆ ಕಾಡಿನ ಅಂಚಿಗೆ ಇವರು ಬಾಡಿಗೆಗೆ ಹಿಡಿದ ಒಂದು ಶ್ರೇಬರ್‌ಗಾರ್ಟನ್ ಇತ್ತು. ಜರ್ಮನ್ನರು ವಾರಾಂತ್ಯಕ್ಕೆ ಹೋಗಿ ತರಕಾರಿ ಬೆಳೆದು, ಬಿಸಿಲು ಕಾಯಿಸಿಕೊಂಡು ಬರುತ್ತಾರಲ್ಲ, ಅಂಥ ಬೇಲಿ ಹಾಕಿದ ಪುಟ್ಟ ತೋಟ. ಅದರ ಮೂಲೆಯಲ್ಲಿ ಮರದ ಶೆಡ್ಡು. ಶೆಡ್ಡಿನ ಹಿಂದೆ ಬೀಚ್ ಅನ್ನುವ ದೊಡ್ಡ ಮರಗಳ ಕಾಡು. ಆ ಕಾಡಿನಿಂದ ಬೆನ್ನು ಕೆಂಪಗಿರುವ ಸಣ್ಣ ಇಲಿಗಳು ಶೆಡ್ಡಿಗೆ ಬಂದು ಹೋಗುತ್ತವೆ ಅಂತ ಗೊತ್ತಾದ ದಿನ ನೀಲಕ್ಕನಿಗೆ ತವರಿನವರು ಸಿಕ್ಕಷ್ಟು ಖುಷಿಯಾಯಿತು. ಶ್ರಾವಣ ಶುರುವಾದಾಗಿನಿಂದಲೇ ತೋಟಕ್ಕೆ ಹೋದಾಗಲೆಲ್ಲ ಶೆಡ್ಡಿನಲ್ಲಿ ಒಂದು ಹಿಡಿ ಜೋಳ ಇಟ್ಟು ಬರುತ್ತಿದ್ದರು. ಹಬ್ಬದ ದಿನ ದಿಢೀರ್ ಅಂತ ಕರೆದರೆ ಯಾರು ಬರುತ್ತಾರೆ, ಮೊದಲೇ ಬಳಕೆ ಇರಬೇಕು ಅನ್ನುವುದು ಅವರ ವಾದ. ಗಣಪತಿ ಹಬ್ಬಕ್ಕೆ ಇಲ್ಲಿ ನಾವೆಲ್ಲ ವೀಕೆಂಡ್ ನೋಡುತ್ತೇವೆ. ಇಲಿವಾರಕ್ಕೆ ಮಾತ್ರ ಅವರು ವೀಕೆಂಡ್ ಒಪ್ಪುತ್ತಿರಲಿಲ್ಲ. ಇಲಿಗೇನು ಆಫೀಸೇ? ವಾರದ ನಡುವೆ ಕಡುಬು, ಅನ್ನ, ಬೆಲ್ಲ ಇಟ್ಟು ಬಂದು, ಶನಿವಾರ ನಮ್ಮನ್ನೆಲ್ಲ ತೋಟಕ್ಕೆ ಊಟಕ್ಕೆ ಕರೆಯುತ್ತಿದ್ದರು. ಮೊದಲು ಅವಕ್ಕೆ, ಆಮೇಲೆ ನಮಗೆ.

ಆ ವರ್ಷವೂ ಹಾಗೇ ಆಯಿತು. ಶನಿವಾರ ಬೆಳಿಗ್ಗೆ ಮಹೇಶಣ್ಣನೂ ನನ್ನ ದಿಲೀಪನೂ ಮೊದಲೇ ಹೋಗಿ ಶೆಡ್ಡಿನಲ್ಲಿದ್ದ ಕುರ್ಚಿ, ಬೆಂಚು ಹೊರಗೆ ಎಳೆದರು. ಇಲಿಗಳು ಹಬ್ಬ ಚೆನ್ನಾಗಿಯೇ ಮಾಡಿದ್ದವು. ನೆಲದ ಮೇಲೆಲ್ಲ ಹಿಕ್ಕೆ, ಜೋಳದ ಹೊಟ್ಟು. ದಿಲೀಪ್ ಕಸಬರಿಗೆ ತಗೊಂಡು ಒಣ ನೆಲವನ್ನೇ ಪರಪರ ಗುಡಿಸಿದ, ಮಹೇಶಣ್ಣ ಮರದ ತೊಲೆಗಳ ಧೂಳು ಕೊಡವಿದರು. ಇಬ್ಬರೂ ಕೆಮ್ಮುತ್ತ, ನಗುತ್ತ ಹೊರಗೆ ಬಂದರು. ನಾವು ಐದಾರು ಮನೆಯವರು ಹುಲ್ಲಿನ ಮೇಲೆ ಕೂತು ಹೋಳಿಗೆ ತಿಂದೆವು. ಹವೆ ಚೆನ್ನಾಗಿತ್ತು.

ಮೂರು ವಾರ ಕಳೆದ ಮೇಲೆ ಮಹೇಶಣ್ಣನಿಗೆ ಚಳಿಜ್ವರ ಬಂತು. ಸೊಂಟದ ಎರಡೂ ಕಡೆ ತಡೆಯಲಾರದ ನೋವು. ಕಂಪ್ಯೂಟರಿನ ಅಕ್ಷರ ಮಂಜಾಗಿ ಕಾಣತೊಡಗಿತು. ಎರಡು ದಿನ ಯಾರಿಗೂ ಹೇಳದೆ ಮಲಗಿದರು. ಗಲಾಟೆ ಮಾಡುವುದು ಅವರಿಗೆ ಇಷ್ಟವಿಲ್ಲ. ಮೂತ್ರ ಬರುವುದೇ ಕಮ್ಮಿಯಾದಾಗ ನೀಲಕ್ಕ ಅವರನ್ನು ಎಬ್ಬಿಸಿ, ಮೇಘಾಳನ್ನು ಮಾತಿಗೆ ಜೊತೆ ಮಾಡಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಮುಂದಿನದನ್ನು ಮೇಘಾ ನನಗೆ ಒಂದಕ್ಕೆರಡು ಸಲ ಅಭಿನಯಿಸಿ ತೋರಿಸಿದ್ದಾಳೆ.

ಡಾಕ್ಟರು ಒಬ್ಬ ತರುಣಿ. ರಕ್ತದ ರಿಪೋರ್ಟು ನೋಡಿ ಅವರು ಕೇಳಿದ ಮೊದಲ ಪ್ರಶ್ನೆಗಳಲ್ಲೇ ಇದೂ ಇತ್ತು: ಈಚೆಗೆ ಇಲಿಗಳಿರುವ ಜಾಗಕ್ಕೇನಾದರೂ ಹೋಗಿದ್ದಿರಾ? ಮಹೇಶಣ್ಣ ಮಂಚದಿಂದಲೇ “ನೈನ್”, ಅಂದರೆ ಇಲ್ಲ, ಅಂದರು. ಮೇಘಾಳೂ “ನೈನ್” ಅಂದಳು. ಇಲಿ ಇರುವ ಮನೆಯವರು ಅನ್ನಿಸಿಕೊಳ್ಳುವುದು ಯಾರಿಗೆ ಬೇಕು?

“ಏನ್ ಕೇಳಿದ್ರು?” ಅಂತ ನೀಲಕ್ಕ ಮಗಳನ್ನು ಕೇಳಿದರು.

“ಸಣ್ಣಪ್ಪ ಅದಾವೇನು ಅಂತ. ಇಲ್ಲ ಅಂದೆ.”

“ಅದಾವಂತ ಹೇಳು. ತೋಟದ ಶೆಡ್ಡಿನ್ಯಾಗ ಅದಾವು, ನಾನ ಕರದು ಊಟಕ್ಕ ಹಾಕೇನಿ, ಶ್ರಾವಣದಾಗಿಂದ ಹಾಕೇನಿ, ಆಮ್ಯಾಲೆ ಇವರ ಅದನ್ನ ಗುಡಿಸ್ಯಾರ ಅಂತ ಹೇಳು.”

“ಮಮ್ಮಿ, ಬಿಟ್ಟೆ, ಪ್ಲೀಸ್!” ಅಂತ ಮೇಘಾ ಬೇಡಿಕೊಂಡಳು. ಮಹೇಶಣ್ಣ ಆ ಜ್ವರದಲ್ಲೂ ಕಣ್ಣು ಬಿಟ್ಟು, “ಸುಮ್ಮ ಕುಂದ್ರ. ಇಲಿ ಪೂಜಿ ಮಾಡ್ತಾರಂತ ಆಸ್ಪತ್ರಿ ತುಂಬ ನಗ್ತಾರ. ತೋಟಾನೂ ಕಸಕೊಂತಾರ” ಅಂದರು.

ಮೇಘಾ ಡಾಕ್ಟರ ಕಡೆ ತಿರುಗಿ, ತೋಟದಲ್ಲಿ ಒಂದೋ ಎರಡೋ ಇರಬಹುದು ಅಂತ ಸಣ್ಣದೊಂದು ವಾಕ್ಯ ಹೇಳಿದಳು. ನೀಲಕ್ಕನಿಗೆ ಆ ಜರ್ಮನ್ ಪೂರ್ತಿ ಅರ್ಥವಾಗಲಿಲ್ಲ, ಆದರೆ ಅಳತೆ ಗೊತ್ತಾಯಿತು.

“ನಾ ಇಷ್ಟುದ್ದ ಕೊಟ್ರ ನೀ ಮೊಳಕಾಲ ತನಾ ಕತ್ತರಿಸಿ ಕೊಟ್ಟಿಯಲ್ಲ” ಅಂದು, ಮಗಳನ್ನು ಪಕ್ಕಕ್ಕೆ ಸರಿಸಿ, ತಾವೇ ಡಾಕ್ಟರ ಎದುರು ನಿಂತರು. ಮೇಘಾ ಶಿಶುವಿಹಾರದಲ್ಲಿದ್ದಾಗ ಮನೆಗೆ ಬರುತ್ತಿದ್ದ ಹುಟ್ಟುಹಬ್ಬದ ಆಮಂತ್ರಣಗಳಿಂದ ಕಲಿತ ಒಂದು ಪದ ಅವರ ಬಳಿ ಇತ್ತು. ಅದನ್ನೇ ಬಳಸಿದರು.

“ಇಶ್ ಹಾಬೆ ಮೊಯ್ಸೆ ಐನ್‌ಗೆಲಾಡನ್.”

ನಾನು ಇಲಿಗಳನ್ನು ಆಮಂತ್ರಿಸಿದ್ದೇನೆ. ಡಾಕ್ಟರು ಇನ್ನೊಂದು ಸಲ ಹೇಳಿ ಅಂದರು. ನೀಲಕ್ಕ ಇನ್ನೊಂದು ಸಲ ಹೇಳಿದರು. ಅಡುಗೆ ಮಾಡಿದ್ದು, ಇಟ್ಟದ್ದು, ಗಂಡ ಗುಡಿಸಿದ್ದು, ಮಾತು ಸಾಲದ ಕಡೆ ಕೈಯಲ್ಲಿ ತೋರಿಸಿದರು. ಮೇಘಾಳಿಗೆ ನೆಲ ಬಾಯಿ ಬಿಟ್ಟರೆ ಇಳಿದು ಹೋಗೋಣ ಅನ್ನಿಸಿತಂತೆ. ಆದರೆ ಡಾಕ್ಟರು ನಗಲಿಲ್ಲ. ಆ ಶೆಡ್ಡನ್ನು ಇನ್ಯಾರು ಗುಡಿಸಿದರು ಅಂತ ಕೇಳಿದರು.

ಅದು ಹಂಟಾ ವೈರಸ್. ಈ ಕಡೆಯ ಬೀಚ್ ಕಾಡಿನ ಇಲಿಗಳಲ್ಲಿ ಇರುತ್ತದೆ. ಇಲಿಗೆ ಅದರಿಂದ ಏನೂ ಆಗುವುದಿಲ್ಲ. ಅದರ ಹಿಕ್ಕೆ, ಮೂತ್ರ ಒಣಗಿ ಧೂಳಾದಾಗ, ಆ ಧೂಳು ಎದ್ದಾಗ, ಉಸಿರಿನ ಜೊತೆ ಮನುಷ್ಯನೊಳಗೆ ಹೋಗುತ್ತದೆ. ಇದೇ ಕುಲದ ವೈರಸ್ಸುಗಳು ಅಮೆರಿಕದ ಕಡೆ ಶ್ವಾಸಕೋಶಕ್ಕೆ ಇಳಿದು ಮೂವರಲ್ಲಿ ಒಬ್ಬರನ್ನು ಕೊಲ್ಲುವುದೂ ಉಂಟು. ಇಲ್ಲಿಯದು ಅಷ್ಟು ಕ್ರೂರಿಯಲ್ಲ, ಬಹುತೇಕ ಎಲ್ಲರೂ ಬದುಕುತ್ತಾರೆ, ಆದರೆ ಕಿಡ್ನಿಯನ್ನು ಹಿಡಿದು ಹಿಂಡುತ್ತದೆ, ಅಪರೂಪಕ್ಕೆ ಪ್ರಾಣವನ್ನೂ ತೆಗೆಯುತ್ತದೆ. ಅದಕ್ಕೇ ಅಂತ ಔಷಧಿಯಿಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಅನ್ನುವುದೊಂದೇ ಸಮಾಧಾನ. ಇಷ್ಟೆಲ್ಲವನ್ನೂ ಡಾಕ್ಟರು ಹೇಳಿದ್ದು. ಮೇಘಾ ಈ ಸಲ ಒಂದು ಅಕ್ಷರವನ್ನೂ ಕತ್ತರಿಸದೆ ಅಮ್ಮನಿಗೆ ಹೇಳಿದಳು.

ನೀಲಕ್ಕ ಗಂಡನ ತಲೆದಿಂಬು ಸರಿಮಾಡಿದರಂತೆ. ಆಮೇಲೆ ಎದ್ದು ಕಾರಿಡಾರಿಗೆ ಬಂದು ಫೋನು ತೆಗೆದರು. ನಮ್ಮ ಕನ್ನಡದವರ ವಾಟ್ಸ್ಯಾಪ್ ಗ್ರೂಪಿನಲ್ಲಿ ಒಂದು ಮೆಸೇಜು ಹಾಕಿದರೆ ಸಾಕು ಅಂದಳು ಮೇಘಾ. “ಗ್ರೂಪಿನ್ಯಾಗ ಹಾಕಿದ್ರ ಮಂದಿ ಹೆಬ್ಬೆರಳ ತೋರಿಸಿ ಸುಮ್ಮ ಆಕ್ಕಾರ” ಅಂದರು ನೀಲಕ್ಕ. ತೋಟಕ್ಕೆ ಬಂದಿದ್ದ ಒಂದೊಂದು ಮನೆಗೂ ಖುದ್ದು ಫೋನು ಮಾಡಿದರು. ಎಲ್ಲರಿಗೂ ಒಂದೇ ಮಾತು: ನನ್ನ ಹಬ್ಬದಿಂದ ನಿಮಗೆ ಅಪಾಯ ಬಂದಿರಬಹುದು, ಜ್ವರ ಬಂದರೆ ಡಾಕ್ಟರಿಗೆ ಇಲಿಯ ವಿಷಯ ಬಾಯಿಬಿಟ್ಟು ಹೇಳಿ.

ಎಲ್ಲರೂ ಸಮಾಧಾನದಿಂದ ಕೇಳಲಿಲ್ಲ. ರವಿಶಂಕರ ಅಂತ ನಮ್ಮಲ್ಲೊಬ್ಬರು ಹಿರಿಯರಿದ್ದಾರೆ, ಸಿಟ್ಟು ಅವರಿಗೆ ಸದಾ ಮೂಗಿನ ತುದಿಯಲ್ಲೇ. “ಜರ್ಮನಿಗೆ ಬಂದು ಇಲಿಗೆ ಎಡೆ ಇಡೋದು ಬೇಕಿತ್ತಾ? ನಮ್ಮ ಮಕ್ಕಳು ಬಂದಿದ್ರು ಅಲ್ಲಿಗೆ. ಬುದ್ಧಿ ಬೇಡ್ವಾ ನಿಮಗೆ?” ಅಂತ ಕೂಗಾಡಿದರಂತೆ.

“ತಪ್ಪು ನಂದ ರೀ. ಬೈರಿ. ಬೈದಾದ ಮ್ಯಾಲೆ ಮಕ್ಕಳಿಗೆ ಜ್ವರ ಅದಾವೇನು ನೋಡ್ರಿ” ಅಂದರಂತೆ ನೀಲಕ್ಕ. ಇದನ್ನು ಸ್ವತಃ ರವಿಶಂಕರರೇ ಆಮೇಲೆ ನಮಗೆ ಹೇಳಿದರು. ಹೇಳುವಾಗ ಅವರ ದನಿ ತಗ್ಗಿತ್ತು. ಅವರ ಮಕ್ಕಳು ಹುಲ್ಲಿನ ಮೇಲೆ ಆಡಿದ್ದರೇ ಹೊರತು ಶೆಡ್ಡಿನೊಳಗೆ ಕಾಲಿಟ್ಟಿರಲಿಲ್ಲ, ಅವರಿಗೆ ಏನೂ ಆಗಲಿಲ್ಲ.

ನನ್ನ ಮನೆಯಲ್ಲಿ ಆಗಿತ್ತು. ಫೋನು ಬಂದಾಗ ದಿಲೀಪ್ ಮಲಗಿದ್ದ. ಹಿಂದಿನ ದಿನದಿಂದ ಜ್ವರ, ಬೆನ್ನುನೋವು. ಬ್ಯಾಡ್ಮಿಂಟನ್ ಆಡಿ ಬೆನ್ನು ಹಿಡಿದಿದೆ, ಜೊತೆಗೆ ಫ್ಲೂ ಬಂದಿದೆ, ಅಂತ ಅವನೇ ತೀರ್ಮಾನ ಮಾಡಿ, ನೋವಿನ ಗುಳಿಗೆ ನುಂಗುತ್ತಿದ್ದ. ನೀಲಕ್ಕ ಹೇಳಿದ್ದನ್ನು ಕೇಳುತ್ತ ಕೇಳುತ್ತಲೇ ನಾನು ಎದ್ದು ಅವನ ಹಣೆ ಮುಟ್ಟಿ ನೋಡಿದೆ.

“ನೀಲಕ್ಕ, ಇವ್ರಿಗೂ ಜ್ವರ ಇದೆ. ಬೆನ್ನುನೋವು ಅಂತಾನೂ ಅಂತಿದ್ರು.”

“ಗುಳಿಗಿ ಏನ್ ಕೊಟ್ಟಿ?” ಅಂದರು ನೀಲಕ್ಕ.

“ಐಬುಪ್ರೊಫೆನ್.”

“ನಿಲ್ಲಸು. ಅದು ಕಿಡ್ನಿಗೆ ಬ್ಯಾಡಂತ ಡಾಕ್ಟರ ಈಗಷ್ಟ ಹೇಳ್ಯಾರ. ಎಬ್ಬಸಿ ಕರಕೊಂಡ ಬಾ. ನಾ ಇಲ್ಲೇ ಬಾಗಲದಾಗ ನಿಂತಿರ್ತೀನಿ.”

ದಿಲೀಪ್ ಏಳುವ ಹಾಗೆ ಕಾಣಲಿಲ್ಲ. “ಸುಮ್ನೆ ಪ್ಯಾನಿಕ್ ಆಗ್ತೀಯ. ನಾಳೆ ಫ್ಯಾಮಿಲಿ ಡಾಕ್ಟರ್ ಹತ್ರ ಹೋಗೋಣ” ಅಂದ. ನಾನು ಅವನ ಹೊದಿಕೆ ಎಳೆದು ಹಾಕಿದೆ. ಆಸ್ಪತ್ರೆಯ ಬಾಗಿಲಲ್ಲಿ ನೀಲಕ್ಕ ಹೇಳಿದ ಹಾಗೇ ನಿಂತಿದ್ದರು. ಮೇಲಂಗಿ ಹಾಕಿಕೊಳ್ಳುವುದೂ ಮರೆತು, ಸೀರೆಯ ಸೆರಗು ಹೊದ್ದುಕೊಂಡು. ನಾನು ದಿಲೀಪನನ್ನು ಇಳಿಸಿ, ಕಾರು ನಿಲ್ಲಿಸಿ ಬರುವ ಮೊದಲೇ ಅವರು ಅವನನ್ನು ಒಳಗೆ ಕರೆದೊಯ್ದು, ಕೌಂಟರಿನವಳಿಗೆ ತೋರಿಸಿ, ಇವನೂ ನನ್ನ ಇಲಿಯವನು ಅನ್ನುವ ಅರ್ಥದ ಏನನ್ನೋ ಹೇಳಿಯಾಗಿತ್ತು.

ಆಮೇಲಿನ ದಿನಗಳನ್ನು ನೆನೆಸಿಕೊಳ್ಳಲು ನನಗೆ ಇಷ್ಟವಿಲ್ಲ. ಮಹೇಶಣ್ಣನನ್ನು ಕೆಲವು ಸಲ ಡಯಾಲಿಸಿಸ್‌ಗೆ ಹಾಕಿದರು. ದಿಲೀಪನ ರಕ್ತದಲ್ಲೂ ವೈರಸ್ಸಿನ ಗುರುತು ಸಿಕ್ಕಿತು, ಕಿಡ್ನಿಯ ಅಂಕಿ ಏರುತ್ತಲೇ ಹೋಯಿತು, ಪ್ಲೇಟ್ಲೆಟ್ಟು ಇಳಿಯುತ್ತಲೇ ಹೋಯಿತು. ನಾನು ಫೋನಿನಲ್ಲಿ ಅಮೆರಿಕದ ಸಾವುಗಳ ಬಗ್ಗೆ ಓದಿ ಓದಿ ಸಾಯುತ್ತಿದ್ದೆ. ನೀಲಕ್ಕ ಎರಡೂ ವಾರ್ಡುಗಳ ನಡುವೆ ಓಡಾಡುತ್ತಿದ್ದರು. ಗಂಡನ ಪಕ್ಕ ಎಷ್ಟು ಹೊತ್ತೋ ನನ್ನ ಪಕ್ಕವೂ ಅಷ್ಟೇ ಹೊತ್ತು. ಒಂದು ಸಲ ನಾನು ಅವರ ಮೇಲೆ ಸಿಡುಕಿದೆ. ನಿಮ್ಮ ಸಣ್ಣಪ್ಪನಿಂದಲೇ ಇದೆಲ್ಲ ಅಂದುಬಿಟ್ಟೆ. ಅವರು ಹೌದು ಅಂದರು. ಹೌದು ಅಂದು ನನ್ನ ಡಬ್ಬಿಯ ಮುಚ್ಚಳ ತೆಗೆದು ಅನ್ನ ಕಲಸಿಕೊಟ್ಟರು. ಅಂಥವರ ಹತ್ತಿರ ಜಗಳವಾದರೂ ಹೇಗೆ ಆಡುವುದು?

ಒಂದು ಬೆಳಿಗ್ಗೆ ದಿಲೀಪನ ಅಂಕಿ ಏರುವುದು ನಿಂತಿತು. ಡಯಾಲಿಸಿಸ್ ಬೇಕಾಗಲಿಲ್ಲ. ಆ ಗುಳಿಗೆಯನ್ನು ಬೇಗ ನಿಲ್ಲಿಸಿದ್ದು ಒಳ್ಳೆಯದಾಯಿತು, ಬೇಗ ಬಂದದ್ದು ಇನ್ನೂ ಒಳ್ಳೆಯದಾಯಿತು ಅಂದರು ಡಾಕ್ಟರು. ಮಹೇಶಣ್ಣನ ಕಿಡ್ನಿಗಳೂ ಮೆಲ್ಲಗೆ ಎದ್ದು ಕೂತವು. ನನ್ನ ಗಂಡ ಇವತ್ತು ನನ್ನ ಎದುರು ಕೂತು ಕಾಫಿ ಕುಡಿಯುತ್ತಿದ್ದಾನೆ ಅಂದರೆ ಅದಕ್ಕೆ ಒಬ್ಬ ಹೆಂಗಸು ನಗೆಪಾಟಲಿಗೆ ಹೆದರದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಕಾರಣ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ಮೇಘಾಳ ಹಾಗೆ “ಒಂದೋ ಎರಡೋ ಇರಬಹುದು” ಅನ್ನುತ್ತಿದ್ದೆ, ಅದೂ ಒಳ್ಳೆಯ ವ್ಯಾಕರಣದಲ್ಲಿ.

ನೀಲಕ್ಕ ಇಲ್ಲಿಗೇ ಸುಮ್ಮನಾಗುವ ಹೆಂಗಸಲ್ಲ. ಆರೋಗ್ಯ ಇಲಾಖೆಯವರು ಫೋನು ಮಾಡಿ ವಿಚಾರಿಸಿದಾಗ ಅವರಿಗೂ ಆಮಂತ್ರಣದ ಕಥೆ ಹೇಳಿದರು. ಆಮೇಲೆ ತೋಟಗಳ ಸಂಘದ ಅಧ್ಯಕ್ಷ ಹೇಫೆಲೆ ಅನ್ನುವ ಮುದುಕನ ಮನೆಗೆ ತಾವೇ ಹೋದರು. ತೋಟ ಹೋದರೆ ಹೋಗಲಿ, ಪಕ್ಕದ ತೋಟಗಳಲ್ಲೂ ಮಕ್ಕಳು ಆಡುತ್ತವೆ ಅಂತ. ಹೇಫೆಲೆ ಎಲ್ಲ ಕೇಳಿ, ಹುಬ್ಬು ಮೇಲಕ್ಕೆತ್ತಿ, ನನ್ನ ಶೆಡ್ಡಿನಲ್ಲೂ ತುಂಬಿವೆ, ನಾನು ಒಂದನ್ನೂ ಕರೆದಿಲ್ಲ ಅಂದನಂತೆ. ಹಿಂದಿನ ವರ್ಷ ಬೀಚ್ ಮರಗಳು ವಿಪರೀತ ಕಾಯಿ ಬಿಟ್ಟಿದ್ದವು, ಕಾಡೆಲ್ಲ ಇಲಿಯಾಗಿತ್ತು. ಸಂಘದ ಗೇಟಿಗೆ ಒಂದು ಸೂಚನೆ ಬಿತ್ತು: ಶೆಡ್ಡು ತೆರೆದು ಗಾಳಿಯಾಡಲು ಬಿಡಿ, ಒಣ ನೆಲ ಗುಡಿಸಬೇಡಿ, ಮೊದಲು ಒದ್ದೆ ಮಾಡಿ ಒರೆಸಿ, ತಿನ್ನುವ ವಸ್ತು ಇಡಬೇಡಿ. ತೋಟ ಉಳಿಯಿತು. ಕೊನೆಯ ಸಾಲು ಓದಿದಾಗ ನೀಲಕ್ಕನ ಮುಖ ಸಣ್ಣಗಾಯಿತು ಅಷ್ಟೇ.

ಇಷ್ಟರಲ್ಲಿ ನಮ್ಮ ಗ್ರೂಪಿನಲ್ಲಿ ಯಾರೋ ಒಬ್ಬರು, ಇಲಿಪೂಜೆಯ ಹಿಂದೆ ನಮ್ಮ ಹಿರಿಯರ ವಿಜ್ಞಾನವಿದೆ ಅಂತ ಉದ್ದದ ಫಾರ್ವರ್ಡು ಹಾಕಿದರು. ನೀಲಕ್ಕ ಅಪರೂಪಕ್ಕೆ ಸಿಟ್ಟಾದರು. “ವಿಜ್ಞಾನ ಅಲ್ರಿ, ಪ್ರೀತಿ. ಪ್ರೀತಿಗೆ ವೈರಸ್ ಗೊತ್ತಿರಲಿಲ್ಲ. ಈಗ ಗೊತ್ತಾಗೇತಿ” ಅಂತ ವಾಯ್ಸ್ ಮೆಸೇಜು ಕಳಿಸಿದರು.

ಮುಂದಿನ ವರ್ಷ ಇಲಿವಾರ ಬಂತು. ಮೇಘಾ ಕಣಕದಲ್ಲಿ ಒಂದು ಇಲಿ ಮಾಡಿದಳು, ಬಾಲ ಸ್ವಲ್ಪ ಹೆಚ್ಚೇ ಉದ್ದವಾಗಿತ್ತು. ಊಟದ ಮೇಜಿನ ಮೇಲೆ ಅದನ್ನಿಟ್ಟು, ಅದಕ್ಕೇ ಕಡುಬಿನ ಎಡೆ ಹಿಡಿದರು. ಶನಿವಾರದ ಊಟವನ್ನು ಬಿಡುವುದು ಬೇಡ, ತೋಟದಲ್ಲೇ ಆಗಲಿ ಅಂತ ನಾವೆಲ್ಲ ಹಟ ಮಾಡಿದ್ದೆವು. ಆದರೆ ನಾವು ಬರಬೇಕಾದರೆ ಶೆಡ್ಡು ಚೊಕ್ಕಟವಾಗಬೇಕು, ಅಲ್ಲಿ ಇಲಿ ಇರಬಾರದು. ಕಾಡಿನ ಕಡೆ ಗೋಡೆಯ ಸಂದುಗಳನ್ನು ಮಹೇಶಣ್ಣ ಹೊರಗಿನಿಂದ ತಗಡು ಹೊಡೆದು ಮುಚ್ಚಿದ್ದರು. ಒಳಗೆ ಉಳಿದದ್ದಕ್ಕೆ ಬೋನು ಇಡಬೇಕಿತ್ತು. ಸ್ಪ್ರಿಂಗಿನದು, ತಕ್ಷಣ ಕೊಲ್ಲುವಂಥದ್ದು. ಜೀವಂತ ಹಿಡಿದು ಕಾಡಿಗೆ ಬಿಡೋಣ ಅಂದಳು ಮೇಘಾ. ಹಿಡಿದುಕೊಂಡು ಓಡಾಡುವುದು ಇನ್ನೂ ಅಪಾಯ ಅಂದರು ಇಲಾಖೆಯವರು. ಬೋನು ನಾನು ಇಡುತ್ತೇನೆ ಅಂದ ದಿಲೀಪ್. ಮಹೇಶಣ್ಣನೂ ಅಂದರು.

“ಬ್ಯಾಡ. ಕರದಾಕಿ ನಾನು” ಅಂದರು ನೀಲಕ್ಕ.

ಅವರು ಹುಟ್ಟಿದ ಮೇಲೆ ಒಂದು ಇಲಿಯನ್ನೂ ಕೊಂದವರಲ್ಲ. ಅವರ ಮನೆಯಲ್ಲಿ ಯಾರೂ ಕೊಂದವರಲ್ಲ. ಹಾಸಿನ ನೂಲು ಕಡಿದು ವಾರದ ದುಡಿಮೆ ಹಾಳಾದ ದಿನವೂ ಅವರಪ್ಪ ಬೈದು ಸುಮ್ಮನಾಗುತ್ತಿದ್ದರಂತೆ, ಅಷ್ಟೇ. ಗಣಪತಿ ಹಬ್ಬದ ಸಂಜೆ ಅವರು ಶೆಡ್ಡಿಗೆ ಹೋಗಿ ಬೋನು ಇಟ್ಟು ಬಂದರು. ಮಾರನೇ ಬೆಳಿಗ್ಗೆ, ಇಲಿವಾರದ ದಿನವೇ, ಅಂಗಡಿಗೆ ಹೋಗುವ ಮೊದಲು, ಜೊತೆಗೆ ಬಾ ತಂಗಿ ಅಂತ ನನ್ನನ್ನು ಕರೆದರು.

ಬಾಗಿಲು, ಕಿಟಕಿ ತೆರೆದಿಟ್ಟು ಬೇಲಿಯ ಹತ್ತಿರ ಅರ್ಧ ಗಂಟೆ ನಿಂತೆವು. ಆಮೇಲೆ ನೀಲಕ್ಕ ಕೊರೊನಾ ಕಾಲದ ಮಾಸ್ಕು ಹಾಕಿಕೊಂಡರು, ರಬ್ಬರ್ ಕೈಗವಸು ತೊಟ್ಟರು, ಸ್ಪ್ರೇ ಬಾಟಲಿ ತಗೊಂಡು ಒಳಗೆ ಹೋದರು. ನನ್ನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಬೋನಿನಲ್ಲಿ ಒಂದು ಬಿದ್ದಿತ್ತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಬೆನ್ನಿನ ಮೇಲೆ ಕೆಂಪು ಕೂದಲು, ಸಣ್ಣ ಸಣ್ಣ ಕಿವಿ.

“ಎಷ್ಟ ಚಂದ ಐತಿ ನೋಡ” ಅಂದರು.

ಆಮೇಲೆ ಇಲಾಖೆಯವರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದರು. ಅದರ ಮೇಲೆ, ಸುತ್ತಲಿನ ನೆಲದ ಮೇಲೆ ಔಷಧಿ ಹೊಡೆದು ತೊಯ್ಯಿಸಿದರು. ಬೋನಿನ ಸಮೇತ ಎತ್ತಿ ಒಂದು ಚೀಲಕ್ಕೆ ಹಾಕಿದರು, ಅದನ್ನು ಇನ್ನೊಂದು ಚೀಲದೊಳಗೆ ಇಟ್ಟರು. ಗಂಟು ಹಾಕಿದರು. ಮಾಸ್ಕಿನ ಮೇಲೆ ಕಣ್ಣೆರಡೂ ತುಂಬಿದ್ದವು. ಮನೆಯ ಬಾಗಿಲಲ್ಲಿ ನೆಂಟರನ್ನು ಕಳಿಸಿಕೊಡುವವರ ಹಾಗೆ ಚೀಲದ ಕಡೆ ಸ್ವಲ್ಪ ಬಾಗಿ, “ಹೋಗಿ ಬಾ ನಮ್ಮಪ್ಪಾ” ಅಂದರು.

ಅಂದವರೇ ತಡೆದು ನಿಂತರು. ತಿರುಗಿ, ಹೊಸ್ತಿಲಾಚೆ ನಿಂತಿದ್ದ ನನ್ನ ಮುಖ ನೋಡಿದರು.

“ಇಲ್ಲ. ಹೋಗು” ಅಂದರು. “ಬರಬ್ಯಾಡ.”